ಬಾಗ್ಚಿ ತಲೆಮಾರಿನ ಲೆಕ್ಕ, ಕೇರಿಯ ಬಾಕಿ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕಲ್ಕತ್ತೆಯ ಒಬ್ಬ ಆರ್ಥಿಕ ಚರಿತ್ರೆಕಾರನಿಗೆ ಏನು ಕೆಲಸ ಅಂತ ಕೇಳುವವರು ಇದ್ದೇ ಇರ್ತಾರೆ. ಪ್ರಶ್ನೆ ಸಹಜವೇ. ವಿಮರ್ಶೆ ಅಂದರೆ ಕಾವ್ಯ, ಕಥೆ, ಕಾದಂಬರಿಗಳ ಸುತ್ತ ಸುತ್ತುವ ಮಾತು ಎಂದೇ ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ದಲಿತ ವಿಮರ್ಶೆಯೂ ಬಹುಮಟ್ಟಿಗೆ ಅದೇ ಜಾಡು ಹಿಡಿದಿದೆ. ಅನುಭವದ ಅನನ್ಯತೆ, ಭಾಷೆಯ ಕಸುವು, ಆತ್ಮಕಥನದ ಪ್ರಾಮಾಣಿಕತೆ ಇವುಗಳ ಬಗ್ಗೆ ಸಾಕಷ್ಟು ಬರೆದಿದ್ದೇವೆ, ಬರೆಯಲೇಬೇಕಿತ್ತು. ಆದರೆ ಹಸಿವಿನ ಮೇಲೆ ಬಂದ ಕವಿತೆಯನ್ನು ಅಕ್ಷರ ಅಕ್ಷರ ಬಿಡಿಸಿ ನೋಡುವ ನಾವು, ಹಸಿವಿನ ಚರಿತ್ರೆಯನ್ನು ಅಂಕಿಸಂಖ್ಯೆಗಳಲ್ಲಿ ಬರೆದವರ ಪುಸ್ತಕಗಳನ್ನು ಯಾಕೆ ಮುಟ್ಟುವುದಿಲ್ಲ? ಅದು ಪ್ರೊಫೆಸರುಗಳ ವಿಷಯ ಅಂತ ಬಿಟ್ಟುಕೊಟ್ಟಿದ್ದೇವೆ. ನಮ್ಮ ಅಜ್ಜ ಮುತ್ತಜ್ಜಂದಿರು ಯಾವ ಕಾಲಂನಲ್ಲಿ ಬಂದಿದ್ದಾರೆ, ಯಾವ ಕಾಲಂನಿಂದ ಬಿಟ್ಟುಹೋಗಿದ್ದಾರೆ ಅನ್ನುವುದನ್ನು ಬೇರೆಯವರು ತೀರ್ಮಾನಿಸಿಬಿಟ್ಟಿದ್ದಾರೆ. ಹಾಗಾಗಿ ಈ ಬರಹ.

ಅಮಿಯ ಕುಮಾರ್ ಬಾಗ್ಚಿ 2024ರ ನವೆಂಬರ್ 28ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಹುಟ್ಟಿದ್ದು 1936ರಲ್ಲಿ, ಮುರ್ಷಿದಾಬಾದ್ ಜಿಲ್ಲೆಯಲ್ಲಿ. ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್, ಅಲ್ಲೇ ಕೆಲ ಕಾಲ ಮೇಷ್ಟರಗಿರಿ, ಆಮೇಲೆ ಎಲ್ಲ ಬಿಟ್ಟು ಕಲ್ಕತ್ತೆಗೆ ವಾಪಸು. ಅಲ್ಲಿನ ಸಮಾಜವಿಜ್ಞಾನಗಳ ಅಧ್ಯಯನ ಕೇಂದ್ರದಲ್ಲಿ ಬಹಳ ವರ್ಷ ದುಡಿದರು, ಅದರ ನಿರ್ದೇಶಕರೂ ಆದರು. ಇವರ ಪತ್ನಿ ಜಶೋಧರಾ ಬಾಗ್ಚಿ ಜಾದವಪುರ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ಶಾಲೆಯನ್ನು ಕಟ್ಟಿದವರು. ಮಾರ್ಕ್ಸ್‌ವಾದಿಯಾಗಿ ಬರೆಯಲು ಶುರುಮಾಡಿ, ಸೋವಿಯತ್ ಒಕ್ಕೂಟ ಕುಸಿದ ಮೇಲೂ ಮಾತು ಬದಲಾಯಿಸದೆ ಕೊನೆಯವರೆಗೂ ಹಾಗೇ ಇದ್ದವರು. ತೊಂಬತ್ತರ ದಶಕದಲ್ಲಿ ರಾತ್ರಿ ಬೆಳಗಾಗುವುದರಲ್ಲಿ ಮಾರುಕಟ್ಟೆಯ ಭಕ್ತರಾದ ಎಷ್ಟೋ ಅರ್ಥಶಾಸ್ತ್ರಜ್ಞರನ್ನು ನಾವು ನೋಡಿದ್ದೇವಲ್ಲ, ಆ ಸಾಲಿನವರಲ್ಲ ಇವರು.

ಇವರದ್ದು ಒಂಟಿ ದನಿಯಾಗಿರಲಿಲ್ಲ, ಒಂದು ತಲೆಮಾರೇ ಇತ್ತು. ಅಲಿಘರ್‌ನಲ್ಲಿ ಇರ್ಫಾನ್ ಹಬೀಬ್, ದೆಹಲಿಯಲ್ಲಿ ಬಿಪಿನ್ ಚಂದ್ರ, ಸಬ್ಯಸಾಚಿ ಭಟ್ಟಾಚಾರ್ಯ, ನಮ್ಮ ಕಾರವಾರದಲ್ಲಿ ಹುಟ್ಟಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಕೇಂದ್ರವನ್ನು ಕಟ್ಟಿದ ಕೃಷ್ಣಾ ಭಾರದ್ವಾಜ್, ಕೃಷಿಯಲ್ಲಿನ ಉತ್ಪಾದನಾ ವಿಧಾನ ಯಾವುದು ಅಂತ ವರ್ಷಗಟ್ಟಲೆ ಜಗಳವಾಡಿದ ಅಶೋಕ್ ರುದ್ರ, ಉತ್ಸಾ ಪಟ್ನಾಯಕ್, ಅಮಿತ್ ಭಾದುರಿ. ಇವರಿಗೆಲ್ಲ ಹಿರಿಯನಂತೆ ಡೇನಿಯಲ್ ಥಾರ್ನರ್ ಎಂಬ ಅಮೆರಿಕದವನು. ಕಮ್ಯುನಿಸ್ಟ್ ಬೇಟೆಯ ಕಾಲದಲ್ಲಿ ಗೆಳೆಯರ ಹೆಸರು ಹೇಳಲು ಒಪ್ಪದೆ ಕೆಲಸ ಕಳೆದುಕೊಂಡು ಐವತ್ತರ ದಶಕವನ್ನು ಮುಂಬಯಿಯಲ್ಲಿ ಕಳೆದವನು. ಸ್ವಾತಂತ್ರ್ಯ ಬಂದಾಗ ಹುಡುಗರಾಗಿದ್ದು, ಬಂದ ಸ್ವಾತಂತ್ರ್ಯ ಯಾಕೆ ಹೊಟ್ಟೆ ತುಂಬಿಸಲಿಲ್ಲ ಅನ್ನುವುದನ್ನು ದಫ್ತರುಗಳಲ್ಲಿ ಹುಡುಕಿದವರು ಈ ಬಾಗ್ಚಿ ತಲೆಮಾರಿನವರು. ಅವರ ನಡುವೆ ಬೇಕಾದಷ್ಟು ಜಗಳಗಳಿದ್ದವು. ಬಡತನ ನಮ್ಮ ಹಣೆಬರಹವಲ್ಲ, ಅದನ್ನು ಮಾಡಿದವರಿದ್ದಾರೆ, ಮಾಡಿದ್ದಕ್ಕೆ ದಾಖಲೆ ಇದೆ ಅನ್ನುವ ನಂಬಿಕೆಯಲ್ಲಿ ಮಾತ್ರ ಎಲ್ಲರೂ ಒಂದೇ.

ಕರ್ಮಸಿದ್ಧಾಂತದ ಕೆಳಗೆ ಸಾವಿರಾರು ವರ್ಷ ಬಾಳಿದ ಜನರಿಗೆ ಇದಕ್ಕಿಂತ ದೊಡ್ಡ ವಿಚಾರ ಬೇರೆ ಯಾವುದಿದೆ? ಹಾಗಿದ್ದೂ ನಮಗೂ ಇವರಿಗೂ ಸಂಬಂಧ ಯಾಕೆ ಕುದುರಲಿಲ್ಲ?

ಬಾಗ್ಚಿಯವರ ಮೊದಲ ದೊಡ್ಡ ಪುಸ್ತಕ 1972ರಲ್ಲಿ ಬಂತು. 1900ರಿಂದ 1939ರವರೆಗೆ ಭಾರತದಲ್ಲಿ ಖಾಸಗಿ ಬಂಡವಾಳ ಹೂಡಿಕೆ ಹೇಗಿತ್ತು ಅನ್ನುವುದು ವಿಷಯ. ಆಗ ಪಾಶ್ಚಾತ್ಯ ವಿದ್ವಾಂಸರು, ಅವರ ಹಿಂದೆ ನಮ್ಮವರೂ, ಒಂದು ಮಾತನ್ನು ಮಂತ್ರದ ಹಾಗೆ ಹೇಳುತ್ತಿದ್ದರು: ಭಾರತೀಯರಿಗೆ ಉದ್ಯಮಶೀಲತೆ ಇಲ್ಲ, ಅವಿಭಕ್ತ ಕುಟುಂಬ, ಜಾತಿ, ವೈರಾಗ್ಯ ಇವರನ್ನು ಹಿಡಿದುಹಾಕಿವೆ, ಅದಕ್ಕೇ ಕೈಗಾರಿಕೆ ಬೆಳೆಯಲಿಲ್ಲ. ಬಾಗ್ಚಿ ಇದನ್ನು ಒಪ್ಪಲಿಲ್ಲ. ದುಡ್ಡಿರಲಿಲ್ಲ, ಬುದ್ಧಿಯಿರಲಿಲ್ಲ ಅನ್ನುವುದೆಲ್ಲ ನೆಪ. ಮಾರುಕಟ್ಟೆಯೇ ಕಿರಿದಾಗಿತ್ತು, ಸರ್ಕಾರ ಬ್ರಿಟಿಷ್ ಸರಕಿಗೆ ಬಾಗಿಲು ತೆರೆದಿಟ್ಟಿತ್ತು, ತನಗೆ ಬೇಕಾದ್ದನ್ನು ಬ್ರಿಟನ್ನಿನಿಂದಲೇ ತರಿಸಿಕೊಳ್ಳುತ್ತಿತ್ತು ಅಂತ ಉದ್ಯಮ ಉದ್ಯಮವಾಗಿ ತೋರಿಸಿದರು. ಮೊದಲ ಮಹಾಯುದ್ಧದ ನಂತರ ಸುಂಕದ ರಕ್ಷಣೆ ಸ್ವಲ್ಪ ಸಿಕ್ಕಿದ್ದೇ ತಡ, ಅದೇ 'ವೈರಾಗ್ಯದ' ಭಾರತೀಯರು ಸಕ್ಕರೆ, ಸಿಮೆಂಟು, ಕಾಗದ, ಉಕ್ಕಿಗೆ ದುಡ್ಡು ಹಾಕಿದರು.

ಆ ಪುಸ್ತಕದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಬಿಳಿಯರ ವರ್ಣಭೇದವನ್ನು ಬಾಗ್ಚಿ ನಡವಳಿಕೆಯ ದೋಷ ಅಂತ ನೋಡಲಿಲ್ಲ, ಕ್ಲಬ್ಬಿನ ಬಾಗಿಲಲ್ಲಿ ಆದ ಅವಮಾನ ಅಂತ ಅಷ್ಟಕ್ಕೇ ಬಿಡಲಿಲ್ಲ. ಅದನ್ನೊಂದು ಆರ್ಥಿಕ ಸಂಸ್ಥೆಯಾಗಿ ನೋಡಿದರು. ಕಲ್ಕತ್ತೆಯಲ್ಲಿ ಮ್ಯಾನೇಜಿಂಗ್ ಏಜೆನ್ಸಿಗಳು, ವಾಣಿಜ್ಯ ಮಂಡಲಿ, ವಿನಿಮಯ ಬ್ಯಾಂಕುಗಳು, ರೈಲ್ವೆ, ಹಡಗು ಎಲ್ಲವೂ ಯೂರೋಪಿಯನ್ನರ ಕೈಯಲ್ಲಿ. ಇವರು ಒಬ್ಬರಿಗೊಬ್ಬರು ಸಾಲ ಕೊಡ್ತಾರೆ, ಗುತ್ತಿಗೆ ಕೊಡ್ತಾರೆ, ಸುದ್ದಿ ಕೊಡ್ತಾರೆ, ಸಂಜೆ ಒಟ್ಟಿಗೆ ಕುಡೀತಾರೆ. ಹೊರಗಿನವನು ಎಷ್ಟೇ ಜಾಣನಾಗಿದ್ದರೂ ಆ ವರ್ತುಲದೊಳಗೆ ಕಾಲಿಡುವ ಹಾಗಿಲ್ಲ. ಮುಂಬಯಿಯಲ್ಲಿ ಈ ಕೋಟೆ ಅಷ್ಟು ಬಿಗಿಯಾಗಿರಲಿಲ್ಲ. ಪಶ್ಚಿಮದ ಒಳನಾಡನ್ನು ಬ್ರಿಟಿಷರು ಗೆದ್ದದ್ದೇ ತಡವಾಗಿ, ಅಷ್ಟರಲ್ಲಿ ಅಲ್ಲಿನ ಪಾರ್ಸಿ, ಗುಜರಾತಿ ವರ್ತಕರು ಕಾಲೂರಿದ್ದರು. ಮುಂಬಯಿ, ಅಹಮದಾಬಾದುಗಳಲ್ಲಿ ದೇಶೀ ಗಿರಣಿಗಳು ಎದ್ದದ್ದರ ಹಿಂದೆ ಇದೂ ಒಂದು ಕಾರಣ. ಕಲ್ಕತ್ತೆಯ ಬಂಗಾಳಿಗೂ ಮುಂಬಯಿಯ ಪಾರ್ಸಿಗೂ ನಡುವಿನ ಅಂತರಕ್ಕೆ ಮನೋಧರ್ಮದಲ್ಲಿ ಕಾರಣ ಹುಡುಕಬೇಕಾಗಿಲ್ಲ, ಯಾರು ಯಾರನ್ನು ಹೊರಗಿಟ್ಟರು ಅನ್ನುವುದರಲ್ಲೇ ಅದು ಇದೆ.

ಈಗ ಆ ಪುಟಗಳಲ್ಲಿ 'ಯೂರೋಪಿಯನ್' ಅಂತ ಬಂದಲ್ಲೆಲ್ಲ 'ಮೇಲುಜಾತಿ' ಅಂತ ಹಾಕಿ, 'ಭಾರತೀಯ' ಅಂತ ಬಂದಲ್ಲಿ 'ಅಸ್ಪೃಶ್ಯ' ಅಂತ ಹಾಕಿ ಓದಿ ನೋಡಿ. ಸಾಲ ಯಾರ ಕೈಲಿದೆ, ನೀರು ಯಾರ ಕೈಲಿದೆ, ಸುದ್ದಿ ಯಾರ ಜಗಲಿಯ ಮೇಲೆ ಓಡಾಡುತ್ತೆ, ಗುತ್ತಿಗೆ ಯಾರ ಅಡುಗೆಮನೆಯಲ್ಲಿ ಇತ್ಯರ್ಥವಾಗುತ್ತೆ? ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರೆ ಅದು ಅವಮಾನ, ಸರಿ. ಅದರ ಜೊತೆಗೆ ಕೇರಿಯವನು ಹೋಟೆಲು ಇಡುವ ಹಾಗಿಲ್ಲ, ಇಟ್ಟರೆ ಯಾರೂ ಕಾಫಿ ಕುಡಿಯುವುದಿಲ್ಲ, ಹಾಲು ಮಾರಿದರೆ ಕೊಳ್ಳುವುದಿಲ್ಲ ಅನ್ನುವುದು ಮಾರುಕಟ್ಟೆಯನ್ನೇ ಮುಚ್ಚುವ ಕ್ರಿಯೆ. ಬಾಗ್ಚಿ ಕೊಟ್ಟ ಸಲಕರಣೆ ಇದಕ್ಕೆ ಕೀಲಿಯ ಹಾಗೆ ಕೂರುತ್ತದೆ. ಆದರೆ ಆ ಕೀಲಿಯನ್ನು ಅವರು ಈ ಬೀಗಕ್ಕೆ ಹಾಕಲಿಲ್ಲ. ಅದು ನನ್ನ ಮೊದಲ ತಕರಾರು.

ಯಾಕೆ ಹಾಕಲಿಲ್ಲ ಅನ್ನುವುದಕ್ಕೆ ಸರಳ ಉತ್ತರ ಎಲ್ಲರಿಗೂ ಗೊತ್ತು: ಭದ್ರಲೋಕದವರು, ಅವರಿಗೆ ಜಾತಿ ಕಾಣೋದಿಲ್ಲ. ಈ ಉತ್ತರದಲ್ಲಿ ನಿಜ ಇಲ್ಲದಿಲ್ಲ. ದಂಡಕಾರಣ್ಯದಿಂದ ಬಂಗಾಳಕ್ಕೆ ಮರಳಿದ ನಾಮಶೂದ್ರ ನಿರಾಶ್ರಿತರನ್ನು 1979ರಲ್ಲಿ ಮರಿಚ್‌ಝಾಪಿ ದ್ವೀಪದಿಂದ ಎಡರಂಗದ ಸರ್ಕಾರವೇ ಬಲವಂತವಾಗಿ ಎಬ್ಬಿಸಿತು. ಆ ಘಟನೆ ವಿದ್ವತ್ತಿನ ಚರ್ಚೆಗೆ ಬರಲು ಎಷ್ಟು ಕಾಲ ಹಿಡಿಯಿತು ಅನ್ನುವುದನ್ನು ನೋಡಿದರೆ ಸಾಕು. ಆದರೆ ಹುಟ್ಟಿನ ಜಾತಿ ಹೇಳಿ ಪುಸ್ತಕ ಮುಚ್ಚಿಡುವುದು ವಿಮರ್ಶೆಯಲ್ಲ, ಸೋಮಾರಿತನ. ಕಾರಣ ವಾದದ ಒಳಗೇ ಇದೆ. ಇವರು ಎದುರಿಸುತ್ತಿದ್ದ ವೈರಿ 'ಭಾರತೀಯರ ಸಂಸ್ಕೃತಿಯೇ ಭಾರತದ ಬಡತನಕ್ಕೆ ಕಾರಣ' ಎನ್ನುವವನು. ಅವನ ಪಟ್ಟಿಯಲ್ಲಿ ಜಾತಿಯೂ ಒಂದು ಐಟಂ. ಅವನ ಬಾಯಿ ಮುಚ್ಚಿಸಲು ಸಂಸ್ಕೃತಿಯನ್ನು ಎತ್ತಿ ಹೊರಗೆ ಹಾಕಿದಾಗ, ಅದರ ಜೊತೆ ಜಾತಿಯನ್ನೂ ಹೊರಗೆ ಹಾಕಿದರು. ಜಾತಿ ಎನ್ನುವುದು ಸಂಸ್ಕೃತಿ ಅಂತ ವೈರಿ ಹೇಳಿದ್ದನ್ನು ಸದ್ದಿಲ್ಲದೆ ಒಪ್ಪಿಕೊಂಡ ಹಾಗಾಯಿತು. ಜಾತಿ ಆಸ್ತಿಯೂ ಹೌದು, ಸಾಲವೂ ಹೌದು, ಕೂಲಿಯ ದರವೂ ಹೌದು ಅಂತ ಅದನ್ನು ಇನ್ನೊಂದು ಬಾಗಿಲಿನಿಂದ ಒಳಕ್ಕೆ ಕರೆಯಬೇಕಿತ್ತು, ಕರೆಯಲಿಲ್ಲ.

ಕರೆದವರು ಇರಲಿಲ್ಲವೆ? ಇದ್ದರು. 1915ರಲ್ಲಿ ಕೊಲಂಬಿಯಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಪ್ರಬಂಧ ಬರೆದವರು ಯಾರು? 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ, 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ, 1925ರಲ್ಲಿ ಪ್ರಾಂತೀಯ ಹಣಕಾಸಿನ ವಿಕಾಸದ ಬಗ್ಗೆ ಬರೆದವರು? ಬಾಬಾಸಾಹೇಬರು ಕಾನೂನಿಗೆ ಬರುವ ಮುಂಚೆ ಆರ್ಥಿಕ ಚರಿತ್ರೆಕಾರರು. ಜಾತಿಯಲ್ಲಿ ಕೆಲಸ ಮಾತ್ರವಲ್ಲ, ಕೆಲಸ ಮಾಡುವ ಮನುಷ್ಯರೇ ಮೇಲುಕೀಳಾಗಿ ಹಂಚಿಹೋಗಿದ್ದಾರೆ ಎಂಬ ತಿಳಿವನ್ನು ಅವರು 1936ರಲ್ಲೇ, ಅಂದರೆ ಬಾಗ್ಚಿ ಹುಟ್ಟಿದ ವರ್ಷವೇ, ಅಚ್ಚು ಹಾಕಿಸಿದ್ದರು. ಇಷ್ಟಾದರೂ ಎಡಪಂಥದ ಆರ್ಥಿಕ ಚರಿತ್ರೆಕಾರರ ವಿಚಾರಸಂಕಿರಣಗಳಲ್ಲಿ ಅಂಬೇಡ್ಕರ್ ಬಹುಕಾಲ ಸಂವಿಧಾನದ, ಮೀಸಲಾತಿಯ ನಾಯಕರಾಗಿಯೇ ಉಳಿದರು, ಈ ವಿಷಯದ ಹಿರಿಯ ಸಹೋದ್ಯೋಗಿಯಾಗಿ ಅಲ್ಲ. ನವರೋಜಿ, ದತ್ತ್, ರಾನಡೆ ಇವರ ಹೆಸರು ಬಂದ ಪುಟದಲ್ಲೇ ಬರಬೇಕಾದ ಹೆಸರು ಅದು.

ಎಂಬತ್ತರ ದಶಕದ ಒಂದು ಅಧ್ಯಯನ ಶಿಬಿರ ನೆನಪಾಗುತ್ತದೆ. ಮೇಷ್ಟರೊಬ್ಬರು ಕಪ್ಪು ಹಲಗೆಯ ಮೇಲೆ ಬಾಣ ಎಳೆದು, ಇಂಗ್ಲೆಂಡಿಗೆ ಸಂಪತ್ತು ಹೇಗೆ ಹರಿದುಹೋಯಿತು, ನಾವು ಹೇಗೆ ಬಡವರಾದೆವು ಅಂತ ಚೆನ್ನಾಗಿಯೇ ವಿವರಿಸಿದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ: "ಅದಕ್ಕೂ ಮುಂಚೆ ನಮ್ಮಪ್ಪಂದಿರು ಸಾವ್ಕಾರ್ರಾಗಿದ್ರಾ ಸಾರ್?" ಎಲ್ಲರೂ ನಕ್ಕರು. ಮೇಷ್ಟರಿಗೂ ನಗು ಬಂತು, ಉತ್ತರ ಬರಲಿಲ್ಲ.

ಆ ಹುಡುಗನ ಪ್ರಶ್ನೆಗೆ ವಿದ್ವತ್ತಿನಲ್ಲಿ ಒಂದು ದೊಡ್ಡ ವಾಗ್ವಾದವೇ ಇದೆ. 1952ರಲ್ಲಿ ಸುರೇಂದ್ರ ಪಟೇಲ್ ಒಂದು ಪುಸ್ತಕ ಬರೆದು, ಭೂಹೀನ ಕೃಷಿಕೂಲಿ ಎಂಬ ವರ್ಗ ಬ್ರಿಟಿಷ್ ಆಳ್ವಿಕೆಯ ಸೃಷ್ಟಿ ಎಂದರು. ಹಳ್ಳಿಯ ಸಮುದಾಯ ಒಡೆಯಿತು, ಕುಶಲಕರ್ಮಿ ಬೀದಿಗೆ ಬಿದ್ದ, ರೈತ ಜಮೀನು ಕಳೆದುಕೊಂಡ, ಕೂಲಿ ಹುಟ್ಟಿದ. ರಾಷ್ಟ್ರೀಯವಾದಿಗಳಿಗೂ ಎಡಪಂಥದವರಿಗೂ ಹಿಡಿಸುವ ಕಥೆ. 1965ರಲ್ಲಿ ಧರ್ಮಾ ಕುಮಾರ್ ದಕ್ಷಿಣ ಭಾರತದ ಭೂಮಿ ಮತ್ತು ಜಾತಿಯ ಬಗ್ಗೆ ಬರೆದ ಪುಸ್ತಕ ಈ ಕಥೆಯ ಬುಡಕ್ಕೇ ಕೈಹಾಕಿತು. ಮದರಾಸು ಪ್ರಾಂತ್ಯದ ದಾಖಲೆಗಳಲ್ಲಿ, ಅಂದರೆ ನಮ್ಮ ದಕ್ಷಿಣ ಕನ್ನಡವೂ ಸೇರಿದ ದಾಖಲೆಗಳಲ್ಲಿ, ಬ್ರಿಟಿಷರು ಬಂದು ಕೂತ ಹೊತ್ತಿಗಾಗಲೇ ದೊಡ್ಡ ಸಂಖ್ಯೆಯ ಭೂಹೀನ ಕೂಲಿಗಳಿದ್ದರು. ಅವರು ಗುಲಾಮ ಜಾತಿಗಳವರು. ಜಮೀನಿನ ಜೊತೆ ಮಾರಾಟವಾಗುತ್ತಿದ್ದವರು, ಅಡವಿಡಲ್ಪಡುತ್ತಿದ್ದವರು. ಜಮೀನು ಅವರು ಕಳೆದುಕೊಂಡದ್ದಲ್ಲ, ಅವರಿಗೆ ಇಟ್ಟುಕೊಳ್ಳಲು ಬಿಟ್ಟೇ ಇರಲಿಲ್ಲ.

ಧರ್ಮಾ ಕುಮಾರ್ ಎಡಪಂಥದವರಲ್ಲ. ಅವರು ಸಂಪಾದಿಸಿದ ಕೇಂಬ್ರಿಜ್ ಆರ್ಥಿಕ ಚರಿತ್ರೆಯ ಎರಡನೇ ಸಂಪುಟ 1983ರಲ್ಲಿ ಬಂದಾಗ, ಅದರಲ್ಲಿ ವಸಾಹತುಶಾಹಿಯೇ ಕಾಣೆಯಾಗಿದೆ ಅಂತ ಇರ್ಫಾನ್ ಹಬೀಬ್ ತರಾಟೆಗೆ ತೆಗೆದುಕೊಂಡರು. ಆ ಟೀಕೆ ನ್ಯಾಯವಾದದ್ದೇ. ಆದರೆ ಸೋಜಿಗ ನೋಡಿ: ರಾಜಕೀಯದಲ್ಲಿ ನಮ್ಮ ಕಡೆ ನಿಂತವರ ಕಥನದಲ್ಲಿ ಹೊಲೆಯ, ಪರೆಯ, ಪುಲಯರು ಹತ್ತೊಂಬತ್ತನೇ ಶತಮಾನದಲ್ಲಿ ಎಲ್ಲಿಂದಲೋ ಉದುರಿಬೀಳುತ್ತಾರೆ, ಆ ಕಡೆ ನಿಂತವರ ಕಥನದಲ್ಲಿ ಅವರು ಮೊದಲಿನಿಂದಲೂ ಇದ್ದ ಜಾಗದಲ್ಲೇ, ಹೊಲದಲ್ಲೇ, ಸರಪಣಿಯಲ್ಲೇ ಇದ್ದಾರೆ. ಹಬೀಬರ ಮಟ್ಟಿಗೆ ಇದನ್ನು ಪೂರ್ತಿ ಅನ್ವಯಿಸಲಾಗದು ಅನ್ನುವುದನ್ನೂ ಹೇಳಬೇಕು. ಭೂಮಿ ಹಿಡಿಯದಂತೆ ತಡೆಯಲ್ಪಟ್ಟ ಕೀಳುಜಾತಿಗಳು ರೈತರಿಗೂ ಒಡೆಯರಿಗೂ ಅಗ್ಗದ ಕೂಲಿಯ ದಾಸ್ತಾನಾಗಿದ್ದರು, ಜಾತಿ ಎಂಬುದು ಶೋಷಣೆಯ ಏರ್ಪಾಡು ಅಂತ ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಅವರ ಶಿಷ್ಯಕೋಟಿ ಆ ಎಳೆಯನ್ನು ಹಿಡಿದು ಮುಂದಕ್ಕೆ ಹೋದದ್ದು ಕಡಿಮೆ.

ಹಾಗಾದರೆ ಧರ್ಮಾ ಕುಮಾರ್ ಪಾರ್ಟಿ ಸೇರಿಬಿಡೋಣವೆ? ಬ್ರಿಟಿಷರು ಬಂದದ್ದು ನಮಗೆ ಒಳ್ಳೆಯದೇ ಆಯಿತು ಅಂತ ಮೆಕಾಲೆಗೆ ಹಾರ ಹಾಕೋಣವೆ? ಇತ್ತೀಚಿನ ನಮ್ಮ ಕೆಲವು ಗೆಳೆಯರು ಹೀಗೇ ಮಾತಾಡುತ್ತಾರೆ. ಶಾಲೆಯ ಬಾಗಿಲು, ಸೈನ್ಯದ ಬಾಗಿಲು ಅಷ್ಟಿಷ್ಟು ತೆರೆದದ್ದು ನಿಜ. 1843ರ ಐದನೇ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿದ್ದೂ ನಿಜ. ಆದರೆ ಕಂದಾಯ ವಸೂಲಿಯಾಗಬೇಕಿದ್ದ ಸರ್ಕಾರಕ್ಕೆ ಆಳು ಓಡಿಹೋಗುವುದು ಬೇಕಾಗಿರಲಿಲ್ಲ. ಕಾಯಿದೆ ಬಂದ ಮೇಲೂ ಸಾಲದ ಹಗ್ಗ ಹಾಗೇ ಇತ್ತು. ಜೀತ ನಿಷೇಧಕ್ಕೆ 1976ರಲ್ಲಿ ಸ್ವತಂತ್ರ ಭಾರತ ಮತ್ತೆ ಕಾಯಿದೆ ಮಾಡಬೇಕಾಗಿ ಬಂತು ಅಂದಮೇಲೆ, 1843ರ ವಿಮೋಚನೆ ಎಷ್ಟು ಆಳದ್ದು ಅಂತ ಲೆಕ್ಕ ಹಾಕಿಕೊಳ್ಳಿ. ಇಲ್ಲಿಯೇ ಬಾಗ್ಚಿ ಮತ್ತೆ ಬೇಕಾಗುತ್ತಾರೆ.

ಫ್ರಾನ್ಸಿಸ್ ಬುಕಾನನ್ ಹೆಸರು ಕನ್ನಡದವರಿಗೆ ಹೊಸದಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನೆಲ್ಲ ಸುತ್ತಿ, ಗಿಡ, ಮಣ್ಣು, ಜಾತಿ, ಕಸುಬು ಎಲ್ಲವನ್ನೂ ಬರೆದುಕೊಂಡ ಸ್ಕಾಟ್‌ಲೆಂಡಿನ ವೈದ್ಯ. ಅವನೇ ಆಮೇಲೆ 1807ರಿಂದ ಬಂಗಾಳ, ಬಿಹಾರಗಳ ಸರ್ವೆ ಮಾಡಿದ. ಆ ಬಿಹಾರದ ಅಂಕಿಗಳನ್ನು ಎತ್ತಿಕೊಂಡು ಬಾಗ್ಚಿ 1976ರಲ್ಲಿ ತಮ್ಮ ಪ್ರಸಿದ್ಧ ಲೇಖನ ಬರೆದರು. 1881ರಿಂದ ಈಚಿನ ಜನಗಣತಿಯಲ್ಲಿ ಕೈಗಾರಿಕೆ ನಾಶವಾದ ಗುರುತು ಹೆಚ್ಚೇನೂ ಸಿಕ್ಕುವುದಿಲ್ಲ ಅಂತ ಥಾರ್ನರ್ ಹೇಳಿದ್ದ. ಹಾಗಾದರೆ ಅದಕ್ಕೂ ಮುಂಚೆ ಏನಾಯ್ತು ನೋಡೋಣ ಅಂತ ಬಾಗ್ಚಿ ಹಿಂದಕ್ಕೆ ಹೋದರು. ಗಂಗಾ ತೀರದ ಬಿಹಾರದಲ್ಲಿ ಕೈಕಸುಬನ್ನು ನಂಬಿದ ಜನರ ಪ್ರಮಾಣ 1809-13ರ ಹೊತ್ತಿಗೆ ಶೇಕಡಾ 18.6 ಇದ್ದದ್ದು 1901ಕ್ಕೆ 8.5ಕ್ಕೆ ಇಳಿದಿತ್ತು. ಅರ್ಧಕ್ಕಿಂತ ಕಡಿಮೆ. ನೂಲುವವರು, ನೇಯುವವರು ಮಣ್ಣಿಗೆ ತಳ್ಳಲ್ಪಟ್ಟರು. ಬುಕಾನನ್ನನ ಅಂಕಿಗಳನ್ನು ಜನಗಣತಿಯ ಜೊತೆ ಹೀಗೆ ಹೋಲಿಸುವುದು ಸರಿಯಲ್ಲ ಅಂತ ಮಾರಿಕಾ ವಿಕ್ಜಿಯಾನಿ 1979ರಲ್ಲಿ ಆಕ್ಷೇಪವೆತ್ತಿದರು, ಬಾಗ್ಚಿ ಉತ್ತರ ಕೊಟ್ಟರು. ಆ ಜಗಳ ಪೂರ್ತಿ ಬಗೆಹರಿದಿಲ್ಲ. ಆದರೆ ಇಳಿಮುಖದ ದಿಕ್ಕು ಯಾವುದು ಅನ್ನುವುದರ ಬಗ್ಗೆ ನನಗೆ ಅನುಮಾನವಿಲ್ಲ.

ನಮ್ಮ ಮಟ್ಟಿಗೆ ಇಲ್ಲಿ ಒಂದು ಮುಖ್ಯ ವಿಷಯವಿದೆ. ಮೈಸೂರು ಸೀಮೆಯಲ್ಲಿ ಬ್ರಾಹ್ಮಣರನ್ನು ಬಿಟ್ಟು ಎಲ್ಲ ಜಾತಿಯ ಹೆಂಗಸರೂ ಸಂತೆಯಲ್ಲಿ ಅರಳೆ ಕೊಂಡು, ಮನೆಯಲ್ಲಿ ನೂತು, ನೇಕಾರರಿಗೆ ನೂಲು ಮಾರುತ್ತಿದ್ದರು ಅಂತ ಬುಕಾನನ್ ಬರೆದಿದ್ದಾನೆ. ಅವನ ನೇಕಾರರ ಪಟ್ಟಿಯಲ್ಲಿ ದೇವಾಂಗ, ತೊಗಟರ ಜೊತೆಗೆ ಹೊಲೆಯರೂ ಇದ್ದಾರೆ. ಒರಟಾದ, ಗಟ್ಟಿಯಾದ ಬಿಳಿ ಬಟ್ಟೆ ನೇಯುವವರು. ಸುಮಾರು ನೂರು ವರ್ಷದ ಮೇಲೆ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲೂ ಹೊಲೆಯರು ಬಡವರು ಉಡುವ ಒರಟು ಹತ್ತಿಬಟ್ಟೆ ನೇಯುವ ಮಾತು ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ಅವರ ಮುಖ್ಯ ಗುರುತು ರೈತರ ಆಳು ಅಂತ. ಅಂದರೆ ಕೇರಿಯಲ್ಲೂ ಮಗ್ಗ ಇತ್ತು. ಒಡೆಯನ ಹೊಲದ ಹೊರಗೆ ಒಂದು ಕಸುಬು, ಒಂದು ಸಂತೆ, ನಾಲ್ಕು ಕಾಸು ಇತ್ತು. ಹೊಲೆಯರ ಹೆಂಗಸಿನ ರಾಟೆಗೆ ಒಡೆಯನ ಅಪ್ಪಣೆ ಬೇಕಿರಲಿಲ್ಲ. ಗಿರಣಿಯ ನೂಲು ಬಂದಾಗ ಮೊದಲು ನಿಂತದ್ದು ಆ ರಾಟೆ. ನೂಲುವ ಕಸುಬು ಸತ್ತರೆ ಗೌಡನ ಮನೆಯ ಹೆಂಗಸು ಸ್ವಲ್ಪ ಕೈಕಾಸು ಕಳೆದುಕೊಂಡಳು. ಕೇರಿಯ ಹೆಂಗಸು ಕಳೆದುಕೊಂಡದ್ದು ಒಡೆಯನಿಗೆ 'ಆಗಲ್ಲ' ಅನ್ನುವ ಒಂದೇ ಒಂದು ಶಕ್ತಿಯನ್ನು.

ಆದ್ದರಿಂದ ಆ ಶಿಬಿರದ ಹುಡುಗನಿಗೆ ಎರಡು ಉತ್ತರಗಳನ್ನೂ ಒಟ್ಟಿಗೇ ಹೇಳಬೇಕು. ಇಲ್ಲಪ್ಪ, ನಿಮ್ಮಪ್ಪಂದಿರು ಸಾವ್ಕಾರರಾಗಿರಲಿಲ್ಲ, ಜಮೀನನ್ನು ಅವರಿಂದ ದೂರ ಇಟ್ಟದ್ದು ಬ್ರಿಟಿಷರಲ್ಲ. ಆದರೆ ಜಮೀನಿಲ್ಲದೆಯೂ ಉಸಿರಾಡಲು ಇದ್ದ ಸಣ್ಣ ಕಿಂಡಿಯನ್ನು ಬ್ರಿಟಿಷ್ ಗಿರಣಿ ಮುಚ್ಚಿತು, ಮುಚ್ಚಿ ಅವರನ್ನು ಮೊದಲಿಗಿಂತ ಬಿಗಿಯಾಗಿ ಗೌಡನ ಕೈಗೇ ಕೊಟ್ಟಿತು. ಧರ್ಮಾ ಕುಮಾರ್ ಬಳಿ ಮೊದಲ ಅರ್ಧ ಇದೆ, ಬಾಗ್ಚಿ ಬಳಿ ಎರಡನೆಯ ಅರ್ಧ. ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ಓದಿಕೊಂಡಿದ್ದರೆ ಆ ಕಾಲದ ಚರಿತ್ರೆ ಬೇರೆಯೇ ಆಗಿರುತ್ತಿತ್ತೇನೋ.

ಕೃಷ್ಣಾ ಭಾರದ್ವಾಜ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1974ರಲ್ಲಿ ಬಂದ ಅವರ ಪುಸ್ತಕ ತೆಳ್ಳಗಿದೆ, ಆದರೆ ವಿಚಾರ ದಪ್ಪನಾದದ್ದು. ಹಳ್ಳಿಯಲ್ಲಿ ಭೂಮಿಯ ಮಾರುಕಟ್ಟೆ, ಕೂಲಿಯ ಮಾರುಕಟ್ಟೆ, ಸಾಲದ ಮಾರುಕಟ್ಟೆ ಬೇರೆ ಬೇರೆ ಇರುವುದಿಲ್ಲ. ಗೇಣಿ ಕೊಡುವವನೇ ಸಾಲ ಕೊಡುವವನು, ಅವನೇ ಕೂಲಿಗೆ ಕರೆಯುವವನು. ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ, ಒಂದರಲ್ಲಿ ಎದುರು ನಿಂತರೆ ಮೂರರಲ್ಲೂ ಹೊಡೆತ. ಇದನ್ನು ಓದಿದಾಗ ನನಗೆ ನೆನಪಾದದ್ದು ದಕ್ಷಿಣ ಕನ್ನಡದ ಎರಡು ಹಳೆಯ ಮಾತುಗಳು: ಮೂಲದ ಹೊಲೆಯ, ಸಾಲದ ಹೊಲೆಯ. ಒಬ್ಬ ಹುಟ್ಟಿನಿಂದಲೇ ಒಂದು ಮನೆತನಕ್ಕೆ ಕಟ್ಟುಬಿದ್ದವನು, ಇನ್ನೊಬ್ಬ ಸಾಲಕ್ಕೆ ಮೈಯನ್ನೇ ಬರೆದುಕೊಟ್ಟವನು. ಅದೇ ಸೀಮೆಯಲ್ಲಿ ಮೂಲಗೇಣಿ ಅನ್ನುವ ಮಾತೂ ಇದೆ. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕು, ಮೂಲದ ಹೊಲೆಯನ ಮೇಲೆ ಭೂಮಿಗೆ ಶಾಶ್ವತ ಹಕ್ಕು. ಒಂದೇ ಪದ, ಕೇರಿಯ ಗಡಿ ದಾಟುತ್ತಿದ್ದಂತೆ ತಲೆಕೆಳಗು. ಭಾರದ್ವಾಜರ ಮೂರು ಕೊಂಡಿಗಳಿಗೆ ನಾಲ್ಕನೆಯದೊಂದನ್ನು ಸೇರಿಸಬೇಕು ಅಂತ ಈ ಮಾತುಗಳೇ ಹೇಳುತ್ತಿವೆ. ಕಾರವಾರದಲ್ಲಿ ಹುಟ್ಟಿದವರಿಗೆ ಪಕ್ಕದ ಸೀಮೆಯ ಈ ಪದಗಳು ಕಿವಿಗೆ ಬಿದ್ದಿರಲೂಬಹುದು. ಅವರ ಮಾದರಿಯೊಳಕ್ಕೆ ಮಾತ್ರ ಬರಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಗೇಣಿದಾರನಿಗೆ ಜಮೀನು ಸಿಕ್ಕು, ಗೇಣಿಯ ದಾಖಲೆಯೇ ಇಲ್ಲದ ಆಳಿಗೆ ಸಿಗದೇ ಹೋದದ್ದು ಯಾಕೆ ಅನ್ನುವುದು ಈ ನಾಲ್ಕನೆಯ ಕೊಂಡಿಯಿಲ್ಲದೆ ಅರ್ಥವಾಗುವುದಿಲ್ಲ.

ಉತ್ಪಾದನಾ ವಿಧಾನದ ಮಹಾಚರ್ಚೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಳಿಗಮಾನ್ಯವೋ, ಅರೆ ಊಳಿಗಮಾನ್ಯವೋ, ಬಂಡವಾಳಶಾಹಿಯೋ ಅನ್ನುವ ಜಗಳದಲ್ಲಿ ಕೂಲಿಯವನು ಯಾವ ಜಾತಿಯವನು ಅನ್ನುವ ಪ್ರಶ್ನೆ ಅಡಿಟಿಪ್ಪಣಿಗೂ ಸರಿಯಾಗಿ ಬರಲಿಲ್ಲ. ಕೆಳಗಿನವರ ಚರಿತ್ರೆ ಬರೀತೀವಿ ಅಂತ ರಣಜಿತ್ ಗುಹಾ ಮತ್ತು ಸಂಗಾತಿಗಳು 1982ರಲ್ಲಿ ಶುರುಮಾಡಿದ ಸಂಪುಟಗಳಲ್ಲಿ ಕಂಚ ಐಲಯ್ಯನವರು ಬರೆಯಲು 1996ರ ಒಂಬತ್ತನೇ ಸಂಪುಟದವರೆಗೆ ಕಾಯಬೇಕಾಯಿತು. ಇಷ್ಟು ಸಾಕು.

ಬಾಗ್ಚಿಯವರು ಆಮೇಲೆ ಬ್ಯಾಂಕುಗಳ ಚರಿತ್ರೆಗೆ ಇಳಿದರು. 1806ರಲ್ಲಿ ಬ್ಯಾಂಕ್ ಆಫ್ ಕಲ್ಕತ್ತಾ ಆಗಿ ಹುಟ್ಟಿ, ಬಂಗಾಳ, ಮುಂಬಯಿ, ಮದರಾಸುಗಳ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳಾಗಿ, 1921ರಲ್ಲಿ ಇಂಪೀರಿಯಲ್ ಬ್ಯಾಂಕಾಗಿ, 1955ರಲ್ಲಿ ಸ್ಟೇಟ್ ಬ್ಯಾಂಕಾದ ಸಂಸ್ಥೆಯ ಚರಿತ್ರೆ. ದಪ್ಪ ದಪ್ಪ ಸಂಪುಟಗಳು, ಓದಲು ತಾಳ್ಮೆ ಬೇಕು. ಸಾಲ ಎನ್ನುವುದು ಯಾವತ್ತೂ ಬರೀ ದುಡ್ಡಿನ ವಿಷಯವಲ್ಲ, ಯಾರನ್ನು ನಂಬಬಹುದು ಯಾರನ್ನು ನಂಬಬಾರದು ಅನ್ನುವ ಅಧಿಕಾರದ ವಿಷಯ ಅನ್ನುವುದು ಅಲ್ಲಿಂದ ಕಲಿಯಬೇಕಾದ ಪಾಠ. ಸಾಲಮೇಳಗಳ ಕಾಲದಲ್ಲಿ ಎಮ್ಮೆ ಸಾಲಕ್ಕೆ ಅಂತ ಬ್ಯಾಂಕಿನ ಮುಂದೆ ಬಿಸಿಲಲ್ಲಿ ನಿಂತು, 'ಜಾಮೀನು ಯಾರು?' ಅನ್ನುವ ಪ್ರಶ್ನೆಗೆ ಜಮೀನಿರುವ ಯಾರದ್ದೋ ಮನೆ ಬಾಗಿಲಿಗೆ ವಾಪಸು ಹೋದವರಿಗೆ ಈ ಪಾಠವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹೊರಗಿಡುವುದೇ ಒಂದು ಬಂಡವಾಳ ಎಂಬ ಬಾಗ್ಚಿಯವರ ಒಳನೋಟವನ್ನು ಜಾತಿಗೆ ಅನ್ವಯಿಸಿದ್ದು ಮುಂದಿನ ತಲೆಮಾರು, ಅದರಲ್ಲೂ ಸುಖದೇವ್ ಥೋರಟ್ ಅವರಂಥ ದಲಿತ ಅರ್ಥಶಾಸ್ತ್ರಜ್ಞರು. ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಅರ್ಹತೆಯ ಅರ್ಜಿಗಳಿಗೆ ಬೇರೆ ಬೇರೆ ಜಾತಿ ಸೂಚಿಸುವ ಹೆಸರು ಹಾಕಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ಮೇಲುಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. 2012ರಲ್ಲಿ ಬಂದ ಇನ್ನೊಂದು ಅಧ್ಯಯನ ದೇಶದ ಸಾವಿರ ದೊಡ್ಡ ಕಂಪನಿಗಳ ಆಡಳಿತ ಮಂಡಲಿಗಳನ್ನು ಎಣಿಸಿತು: ಶೇಕಡಾ 93ರಷ್ಟು ಮೇಲುಜಾತಿಯವರು, ಪರಿಶಿಷ್ಟ ಜಾತಿ ಪಂಗಡ ಎರಡೂ ಸೇರಿ ಶೇಕಡಾ 3.5. ಬಾಗ್ಚಿ ಬರೆದ ಕಲ್ಕತ್ತೆಯ ಕ್ಲಬ್ಬಿನಿಂದ ಬಿಳಿಯರು ಎದ್ದುಹೋದರು, ಕುರ್ಚಿಗಳು ಖಾಲಿ ಉಳಿಯಲಿಲ್ಲ.

ಕೊನೆಗಾಲದ ದೊಡ್ಡ ಪುಸ್ತಕದಲ್ಲಿ, 2005ರಲ್ಲಿ ಬಂದದ್ದು, ಬಾಗ್ಚಿ ಇನ್ನೂ ಒಂದು ಹೆಜ್ಜೆ ಇಟ್ಟರು. ಬಂಡವಾಳದ ಚರಿತ್ರೆಯನ್ನು ಉತ್ಪನ್ನದ ಲೆಕ್ಕದಲ್ಲಷ್ಟೇ ಅಳೆಯದೆ, ಮನುಷ್ಯ ಎಷ್ಟು ವರ್ಷ ಬದುಕಿದ, ಎಷ್ಟು ಮಕ್ಕಳು ಸತ್ತವು, ಯಾರನ್ನು ಹಡಗಿನಲ್ಲಿ ಹಿಡಿದು ಸಾಗಿಸಿದರು ಎಂಬುದರಿಂದ ಅಳೆದರು. ಅಳತೆಗೋಲು ಮೈಗೆ ಬಂದಾಗ ಅವರು ನಮಗೆ ಬಹಳ ಹತ್ತಿರ ಬರುತ್ತಾರೆ. ಆ ಅಳತೆಗೋಲನ್ನು ಹಿಡಿದು ನಮ್ಮವರೇ ಮಾಡಬೇಕಾದ ಕೆಲಸವೊಂದು ಹಾಗೇ ಬಿದ್ದಿದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ನಡುವೆ 1876-78ರ ಬರ. ಆ ಕಾಣೆಯಾದ ಲಕ್ಷಾಂತರ ಜನ ಯಾರು? ಹಗೇವಿನಲ್ಲಿ ರಾಗಿ ತುಂಬಿಟ್ಟವರು ಎಷ್ಟು ಜನ ಸತ್ತರು, ಹಗೇವಿಗೆ ಹೊತ್ತು ತುಂಬಿದವರು ಎಷ್ಟು ಜನ? ಎರಡೂ ಜನಗಣತಿಗಳಲ್ಲಿ ಜಾತಿವಾರು ಪಟ್ಟಿಗಳಿವೆ. ಜಾತಿಗಳನ್ನು ವಿಂಗಡಿಸಿದ ಕ್ರಮದಲ್ಲಿ ವ್ಯತ್ಯಾಸ ಇದ್ದೀತು, ಬಾಗ್ಚಿ ಬಿಹಾರಕ್ಕೆ ಮಾಡಿದಂತೆ ಅದನ್ನು ಹದಕ್ಕೆ ತಂದುಕೊಳ್ಳಬೇಕು, ವಿಕ್ಜಿಯಾನಿಯಂಥವರ ಆಕ್ಷೇಪಕ್ಕೂ ಸಿದ್ಧರಾಗಿರಬೇಕು. ಅರ್ಥಶಾಸ್ತ್ರ ಎಂ.ಎ. ಮಾಡಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಎರಡು ಸಂಪುಟಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಮೊದಲು ಹೊಲೆಯ, ಮಾದಿಗರ ಸಾಲು ಎಲ್ಲಿದೆ ಅಂತ ನೋಡಲಿ.